ಬಣವೆಯ ನೆರಳಿಗೆ ಯಾವ ಬಣ್ಣ?

ತೈಲವರ್ಣ ಕಲಿಯಲು ಯಾವ ಚಿತ್ರ ನಕಲು ಮಾಡಲಿ ಎಂದು ಕೇಳಿದವರಿಗೆಲ್ಲ ನಾನು ತೋರಿಸುವುದು ವ್ಯಾನ್ ಗೋನ ‘ಮಧ್ಯಾಹ್ನದ ವಿಶ್ರಾಂತಿ’ಯನ್ನು. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿರುವ 73 × 91 ಸೆಂ.ಮೀ. ಚಿತ್ರ. ಬಣವೆಯ ನೆರಳಲ್ಲಿ ಕೊಯ್ಲಿನವರಿಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು, ಮೈಮರೆತು ಮಲಗಿದ್ದಾರೆ. ಪಕ್ಕದಲ್ಲಿ ಕಳಚಿಟ್ಟ ಬೂಟುಗಳು, ಎರಡು ಕುಡುಗೋಲು. ದೂರದಲ್ಲಿ ಗಾಡಿ, ಎತ್ತು.

ಆಯ್ಕೆಗೆ ಕಾರಣವಿದೆ. ಈ ಚಿತ್ರವೇ ಒಂದು ನಕಲು. 1889–90ರ ಚಳಿಗಾಲದಲ್ಲಿ, ದಕ್ಷಿಣ ಫ್ರಾನ್ಸಿನ ಸ್ಯಾಂ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ, ಫ್ರೆಂಚ್ ಚಿತ್ರಕಾರ ಮಿಲೆಯ ರಚನೆಯೊಂದರ ಮರದಚ್ಚಿನ ಪ್ರತಿಯನ್ನು ಎದುರಿಗಿಟ್ಟುಕೊಂಡು ವ್ಯಾನ್ ಗೋ ಇದನ್ನು ಬಿಡಿಸಿದ. ಅಚ್ಚು ಕಪ್ಪುಬಿಳುಪು. ಬಣ್ಣವೆಲ್ಲ ಅವನದೇ. ಬೇಥೋವನ್ನನ ಕೃತಿಯನ್ನು ವಾದಕನೊಬ್ಬ ತನ್ನ ರೀತಿಯಲ್ಲಿ ನುಡಿಸುವುದಕ್ಕೆ ಈ ಕೆಲಸವನ್ನು ಹೋಲಿಸಿ ತಮ್ಮ ಥಿಯೋಗೆ ಪತ್ರ ಬರೆದಿದ್ದ. ಹಾಗಾಗಿ ಇಲ್ಲಿ ನಾವು ನಕಲು ಮಾಡಬೇಕಾದದ್ದು ಆಕಾರವನ್ನಲ್ಲ, ಅವನ ತೀರ್ಮಾನಗಳನ್ನು.

ನೆರಳನ್ನೇ ನೋಡಿ. ಕೈ ತಾನಾಗಿ ಕಪ್ಪು ಟ್ಯೂಬಿನತ್ತ ಹೋಗುತ್ತದೆ; ತಡೆಯಿರಿ. ಹುಲ್ಲಿನ ನೆರಳು ಕಂದುಹಳದಿಯಲ್ಲೇ ಬೆಚ್ಚಗೆ ಉಳಿದಿದೆ. ತಂಪೆಲ್ಲ ಮಲಗಿದವರ ಬಟ್ಟೆಗೆ ಬಂದಿದೆ, ನೀಲಿಯ ಹಲವು ಛಾಯೆಗಳಲ್ಲಿ. ಹಳದಿ-ಕಿತ್ತಳೆಯ ಪಕ್ಕ ನೀಲಿ-ನೇರಳೆ ನಿಂತಾಗ ಒಂದು ಇನ್ನೊಂದನ್ನು ಪ್ರಖರಗೊಳಿಸುತ್ತದೆ. ಮೈ ಮತ್ತು ಹುಲ್ಲು ಒಂದೇ ಬಗೆಯ ದಪ್ಪ ಗೆರೆಗಳಲ್ಲಿ ಮೂಡಿದ್ದರೂ ಬೆರೆತುಹೋಗದಿರುವುದು ಇದರಿಂದ. ಜೊತೆಗೆ ದಿಕ್ಕು: ಹುಲ್ಲಿನ ಗೆರೆ ಬಿದ್ದ ಕಡೆ ಬೀಳುತ್ತದೆ, ಬಟ್ಟೆಯ ಗೆರೆ ಮೊಣಕಾಲು ಸುತ್ತಿ, ಸೊಂಟ ಬಳಸಿ ತಿರುಗುತ್ತದೆ. ಮನುಷ್ಯಾಕೃತಿ ಬಿಡಿಸುವುದರ ಅರ್ಧ ಪಾಠ ಆ ತಿರುವಿನಲ್ಲಿದೆ ಎಂಬುದು ನನ್ನ ನಂಬಿಕೆ.

ಕ್ಯಾನ್ವಾಸ್ ಅರ್ಧ ಅಳತೆಯದಾದರೆ ಬ್ರಷ್ಷೂ ಅರ್ಧ ಅಗಲದ್ದಿರಲಿ. ಇಲ್ಲದಿದ್ದರೆ ಐದು ಗೆರೆಯ ತೋಳು ಎರಡೇ ಗೆರೆಗೆ ಮುಗಿದು ಮೊದ್ದಾಗುತ್ತದೆ. ಬಿರುಸು ಕೂದಲಿನ ಚಪ್ಪಟೆ ಬ್ರಷ್ ಬೇಕು. ಪ್ರತಿ ಗೆರೆಗೂ ಬಣ್ಣ ತುಂಬಿಕೊಂಡು ಒಮ್ಮೆ ಎಳೆದು ಕೈ ಎತ್ತಿ. ತಿದ್ದಲು ಹೋದರೆ ಕೆಳಗಿನ ಹಸಿ ಹಳದಿಗೆ ನೀಲಿ ಕಲಸಿ ಹಸಿರಾಗುತ್ತದೆ. ತಪ್ಪಿದ್ದನ್ನು ಪ್ಯಾಲೆಟ್ ನೈಫಿನಿಂದ ಕೆರೆದು ಹೊಸದಾಗಿ ಎಳೆಯುವುದೇ ವಾಸಿ.

ಮೊದಲ ಪದರಕ್ಕೆ ಟರ್ಪೆಂಟೈನ್ ಬೆರೆಸಿದ ತೆಳುಬಣ್ಣ, ಮೇಲಿನವಕ್ಕೆ ಎಣ್ಣೆ ಹೆಚ್ಚು. ಆ ಎಣ್ಣೆ, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅಗಸಿಯದ್ದೇ. ನೀರಿನಂತೆ ಅದು ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಎಣ್ಣೆ ಜಾಸ್ತಿಯಾದ ಪದರ ಅಡಿಯಲ್ಲಿದ್ದರೆ ನಿಧಾನಕ್ಕೆ ಒಣಗುತ್ತ, ಮೇಲೆ ಆಗಲೇ ಗಟ್ಟಿಯಾದದ್ದನ್ನು ಬಿರುಕು ಬಿಡಿಸುತ್ತದೆ.

ಮುದ್ರಿತ ಪ್ರತಿಯ ಬಣ್ಣವನ್ನು ಪೂರ್ತಿ ನಂಬಬೇಡಿ. ಮೂಲವೇ ಬದಲಾಗಿರಬಹುದು: ಅವನ ‘ಮಲಗುವ ಕೋಣೆ’ಯ ಗೋಡೆ ಮೊದಲು ನೇರಳೆಯಾಗಿತ್ತು, ಕೆಂಪು ಮಾಸಿ ಈಗ ನೀಲಿಯಾಗಿ ಕಾಣುತ್ತದೆ. ಅವನ ಕ್ರೋಮ್ ಹಳದಿಯಲ್ಲಿ ಸೀಸವಿದೆ, ಬೆಳಕಿಗೆ ಕಪ್ಪಾಗುತ್ತದೆ ಕೂಡ. ಅದರ ಬದಲು ಕ್ಯಾಡ್ಮಿಯಂ ಹಳದಿ ಇರಲಿ.

ಇದು ಮುಗಿದ ಮೇಲೆ ಮತ್ತೊಂದು ವ್ಯಾನ್ ಗೋ ಬೇಡ. ಮಿಲೆಯ ಚಿತ್ರದ ಕಪ್ಪುಬಿಳುಪು ಅಚ್ಚೊಂದನ್ನು ಎದುರಿಗಿಟ್ಟುಕೊಂಡು, ಅದರ ನೆರಳಿಗೆ ಯಾವ ಬಣ್ಣ ಎಂದು ನೀವೇ ತೀರ್ಮಾನಿಸಿ.