ಅಕಾಡೆಮಿಯ ಬೋರ್ಡು, ಅಕ್ಕನ ಪಾರ್ಲರು

ನನ್ನ ವಯಸ್ಸಿನವರಿಗೆ ಆಪ್ಟೆಕ್ ಅಂದರೆ ಕಂಪ್ಯೂಟರ್ ಕ್ಲಾಸು. ನಾವು ಹೈಸ್ಕೂಲಿನಲ್ಲಿದ್ದಾಗ ಪೇಟೆಗೆ ಹೋದರೆ ಯಾವುದೋ ಮಹಡಿ ಮೇಲೆ ಆಪ್ಟೆಕ್ಕೋ ಎನ್‌ಐಐಟಿಯೋ, ಇಲ್ಲಾ ಅವುಗಳ ಹೆಸರಿಗೆ ಹತ್ತಿರ ಬರೋ ಇನ್ನೊಂದೋ ಬೋರ್ಡು ಇದ್ದೇ ಇರೋದು. ಈಗ ಅದೇ ಆಪ್ಟೆಕ್, ಲ್ಯಾಕ್ಮೆ ಹೆಸರಿನಲ್ಲಿ ಬ್ಯೂಟಿ ಅಕಾಡೆಮಿ ನಡೆಸುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಜಾವಾ ಹೋಗಿ ಫೌಂಡೇಶನ್ ಬಂತು, ಅಷ್ಟೆ. ಫ್ರಾಂಚೈಸಿ ತರಬೇತಿಯ ಲೆಕ್ಕ ಸಾಮಾನ್ಯವಾಗಿ ಆಗಲೂ ಈಗಲೂ ಒಂದೇ: ಬಾಡಿಗೆ ಕಟ್ಟಡ, ಎಸಿ, ಕನ್ನಡಿ, ಬಂಡವಾಳ ಸ್ಥಳೀಯರದ್ದು; ಹೆಸರು, ಸಿಲಬಸ್ಸು, ಸರ್ಟಿಫಿಕೇಟು ಕಂಪನಿಯದ್ದು.

ಈ ವಿಷಯ ನನ್ನ ತಲೆಗೆ ಬಂದದ್ದು ಬೆಳ್ಳೂರಿನಲ್ಲಿರೋ ನಮ್ಮ ಅತ್ತೆ ಮಗಳಿಂದ. ಡಿಗ್ರಿ ಮುಗಿಸಿದ್ದಾಳೆ, ಸ್ಟೈಲಿಸ್ಟ್ ಆಗಬೇಕು ಅಂತಾಳೆ. ಮದುವಣಗಿತ್ತಿ ಅಲಂಕಾರ, ಸೀರೆ ಉಡಿಸೋದು, ಯಾರಿಗೆ ಯಾವ ಬಣ್ಣ ಒಪ್ಪುತ್ತೆ ಅಂತ ಹೇಳೋದು, ಎಲ್ಲಾ ಸೇರಿ. ಮನೆಯಲ್ಲಿ ಒಬ್ಬ ಬಿಇ ಮಾಡಿದವನಿದ್ದರೆ ಊರಿನ ಬ್ರೋಷರ್‌ಗಳೆಲ್ಲ ಅವನ ವಾಟ್ಸಾಪಿಗೇ ಬರುತ್ತವೆ. ಹಾಗೆ ಬಂದ ನಾಲ್ಕೈದು ಬ್ರೋಷರ್‌ಗಳನ್ನು ನಾನು ನಿಜಕ್ಕೂ ಕೂತು ಓದಿದೆ, ಕೋಡ್ ರಿವ್ಯೂ ಮಾಡೋ ಥರ. ಯಾವ ಸಂಸ್ಥೆಯದ್ದು ಅಂತ ಹೆಸರು ಹೇಳಲ್ಲ, ಅದು ಮುಖ್ಯವೂ ಅಲ್ಲ; ಭಾಷೆ ಎಲ್ಲದರದ್ದೂ ಒಂದೇ.

ಮೊದಲ ತೊಡಕು ಅಲ್ಲೇ ಇದೆ. ಬ್ರೋಷರ್‌ನಲ್ಲಿ ಎರಡು ಬೇರೆ ಬೇರೆ ಸರಕುಗಳನ್ನು ಒಂದೇ ಬುಟ್ಟಿಯಲ್ಲಿಟ್ಟು ತೋರಿಸುತ್ತಾರೆ. ಒಂದು, ಬ್ರ್ಯಾಂಡಿನ ಅಕಾಡೆಮಿಗೆ ಫೀಸು ಕಟ್ಟಿ ಕಲಿಯೋದು. ಫೀಸಿನ ಮೇಲೆ ಶೇ. 18 ಜಿಎಸ್‌ಟಿ ಬೇರೆ, ಅದು ಮಾತ್ರ ಸಣ್ಣಕ್ಷರದಲ್ಲಿ. ಇನ್ನೊಂದು, ಆ ಬ್ರ್ಯಾಂಡಿನ ಫ್ರಾಂಚೈಸಿಯನ್ನೇ ಕೊಂಡು ಅದರ ಜೊತೆಗೆ ತರಬೇತಿ ಪಡೆಯೋದು. ಎರಡನೆಯದರಲ್ಲಿ ನೀವು ವಿದ್ಯಾರ್ಥಿಯಲ್ಲ, ಹೂಡಿಕೆದಾರ. ಬ್ರಿಟನ್ನಿನ ಹೌಸ್ ಆಫ್ ಕಲರ್ ಅನ್ನೋ ಸಂಸ್ಥೆ ಹೀಗೇ ಬೆಳೆದದ್ದು: ಅವರಲ್ಲಿ ತರಬೇತಿ ಪಡೆದವರು ಅವರದೇ ಹೆಸರಿನಲ್ಲಿ ತಮ್ಮ ಊರಿನಲ್ಲಿ ಬಣ್ಣದ ಸಲಹೆ ಮಾರುತ್ತಾರೆ. ಮೊದಲು ಪ್ರವೇಶ ಶುಲ್ಕ, ಆಮೇಲೆ ರಾಯಲ್ಟಿ, ಸಾಮಾನೂ ಅವರು ಹೇಳಿದ ಕಡೆಯೇ ಕೊಳ್ಳಬೇಕು. ಫ್ರಾಂಚೈಸಿಗಳ ಸಾಮಾನ್ಯ ನಡಾವಳಿ ಇದು. ರಾಯಲ್ಟಿ ಸಾಮಾನ್ಯವಾಗಿ ವಹಿವಾಟಿನ ಮೇಲೆ, ಲಾಭದ ಮೇಲಲ್ಲ. ನಿಮಗೆ ಕೈಕಚ್ಚಿದ ತಿಂಗಳೂ ಅವರಿಗೆ ಪಾಲು ಉಂಟು.

ತಿಂಗಳು ಅಂದಾಗ ನೆನಪಾಯ್ತು. ನಮ್ಮ ಕಡೆ ಅಲಂಕಾರದ ಸಂಪಾದನೆ ನಿಂತಿರೋದು ಮುಹೂರ್ತಗಳ ಮೇಲೆ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಯಾರೂ ಮಾತೇ ಎತ್ತಲ್ಲ. ವೈಶಾಖದಲ್ಲಿ ಒಂದೇ ದಿನ ಮೂರು ಮನೆಯವರು ಕರೀತಾರೆ. ಬಾಡಿಗೆಗೆ, ಕನಿಷ್ಠ ಶುಲ್ಕಕ್ಕೆ, ಇಎಂಐಗೆ ಮಾತ್ರ ಆಷಾಢ ಇಲ್ಲ. ನಾನು ನೋಡಿದ ಒಂದು ಬ್ರೋಷರ್‌ನಲ್ಲಿ ತಿಂಗಳ ಆದಾಯದ ಗ್ರಾಫ್ ಇತ್ತು: ಹನ್ನೆರಡು ಕಂಬ, ಎಲ್ಲವೂ ಒಂದಕ್ಕಿಂತ ಒಂದು ಎತ್ತರ. ಅದನ್ನು ಬರೆದವರು ಪಂಚಾಂಗ ನೋಡಿಲ್ಲ.

ಇನ್ನು ಕಲಿಸೋ ವಿಷಯಕ್ಕೆ ಬರೋಣ. ‘ಪರ್ಸನಲ್ ಸ್ಟೈಲಿಂಗ್’ ಕೋರ್ಸುಗಳಲ್ಲಿ ಬಣ್ಣ ಆರಿಸೋ ಪಾಠಕ್ಕೆ ಬುನಾದಿ ನಾಲ್ಕು ಋತುಗಳ ಪದ್ಧತಿ. ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡಿದ್ದ ಯೋಹಾನಸ್ ಇಟ್ಟೆನ್ ಬಣ್ಣದ ಬಗ್ಗೆ ಮಾಡಿದ ಚಿಂತನೆಯಿಂದ ಹೊರಟು, 1980ರಲ್ಲಿ ಕ್ಯಾರೋಲ್ ಜಾಕ್ಸನ್ ಬರೆದ ‘ಕಲರ್ ಮಿ ಬ್ಯೂಟಿಫುಲ್’ ಪುಸ್ತಕದಿಂದ ಅದು ಮನೆಮಾತಾಯಿತು. ಮುಖದ ಹತ್ತಿರ ಬಣ್ಣಬಣ್ಣದ ಬಟ್ಟೆ ಹಿಡಿದು, ಚರ್ಮ, ಕೂದಲು, ಕಣ್ಣಿನ ಬಣ್ಣ ನೋಡಿ ನಿಮ್ಮನ್ನು ವಸಂತ, ಬೇಸಿಗೆ, ಶರತ್ತು, ಚಳಿಗಾಲ ಅಂತ ವಿಂಗಡಿಸೋದು. ಬಟ್ಟೆ ಹಿಡಿದು ನೋಡೋ ವಿಧಾನ ಒಳ್ಳೇದೇ. ಸೀರೆ ಅಂಗಡಿಯಲ್ಲಿ ಸೆರಗು ಬಿಚ್ಚಿ ಹೆಗಲ ಮೇಲೆ ಹಾಕಿ ಕನ್ನಡಿ ಮುಂದೆ ನಿಲ್ಲಿಸೋದು ಅದನ್ನೇ ಅಲ್ವಾ? ಆದರೆ ವಿಂಗಡಣೆ ಮಾಡಿದ್ದು ಹೊಂಬಣ್ಣದ ಕೂದಲು, ಕೆಂಚು ಕೂದಲು, ನೀಲಿ ಕಣ್ಣು, ಹಸಿರು ಕಣ್ಣು ಎಲ್ಲ ಇರೋ ಸಮಾಜಕ್ಕೆ. ಕಪ್ಪು ಕೂದಲು, ಕಪ್ಪು ಕಣ್ಣು ಇದ್ದವರಲ್ಲಿ ಬಹುತೇಕರು ಆ ಮೂಲ ಪದ್ಧತಿಯಲ್ಲಿ ಚಳಿಗಾಲಕ್ಕೇ ಬೀಳುತ್ತಾರೆ. ಅಂದರೆ ನಾಗಮಂಗಲ ತಾಲ್ಲೂಕಿಗೆ ತಾಲ್ಲೂಕೇ ಚಳಿಗಾಲ! ಆಮೇಲೆ ಬಂದವರು ನಾಲ್ಕನ್ನು ಹನ್ನೆರಡು ಮಾಡಿ ತಿದ್ದಿದ್ದಾರೆ, ನಿಜ. ಆದರೂ ಎಣ್ಣೆಗಪ್ಪು, ಗೋಧಿ, ಅರಿಶಿನ ಹಚ್ಚಿದ ಮರುದಿನದ ಹಳದಿ ಛಾಯೆ, ಇಂಥ ಸೂಕ್ಷ್ಮಗಳಿಗೆ ಆ ಚಾರ್ಟಿನಲ್ಲಿ ಖಾನೆ ಕಡಿಮೆ. ‘ಫೇರ್ ಆ್ಯಂಡ್ ಲವ್ಲಿ’ ತನ್ನ ಹೆಸರಿನಿಂದ ಫೇರ್ ತೆಗೆಯೋಕೆ 1975ರಿಂದ 2020ರವರೆಗೆ ಸಮಯ ಬೇಕಾಯ್ತು. ಮಂಟಪದಲ್ಲಿ ಮುಖ ಬೇರೆ ಕುತ್ತಿಗೆ ಬೇರೆ ಬಣ್ಣ ಕಾಣೋ ಹುಡುಗಿಯರನ್ನು ನೋಡಿದರೆ ಆ ಫೇರ್ ಇನ್ನೂ ಪೂರ್ತಿ ಹೋಗಿಲ್ಲ ಅನ್ನಿಸುತ್ತೆ.

ಸಿಲಬಸ್ಸಿನಲ್ಲಿ ಇಲ್ಲದ್ದನ್ನೂ ಹೇಳಬೇಕು. ಮೊಗ್ಗಿನ ಜಡೆ ಇಲ್ಲ. ಬಾಸಿಂಗ ಕಟ್ಟಿದ ಮೇಲೂ ಕೆಡದ ಹಾಗೆ ಮುಂದಲೆ ಬಾಚೋದು ಹೇಗೆ ಅಂತ ಇಲ್ಲ. ಧಾರೆ ಹೊತ್ತಿಗೆ ಹಾಲು ನೀರು ಬಿದ್ದು ಒದ್ದೆಯಾದ ಸೀರೆಯ ನೆರಿಗೆ ನಿಲ್ಲಿಸೋದು ಇಲ್ಲ. ಬೆಳಗಿನ ಜಾವ ಕರೆಂಟ್ ಹೋದ ಸಮುದಾಯ ಭವನದ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಬೆಳಕಲ್ಲಿ ಹಚ್ಚಿದ ಬಣ್ಣ, ವಿಡಿಯೋದವರ ಲೈಟಿನಲ್ಲಿ ಹೇಗೆ ಕಾಣುತ್ತೆ ಅಂತ ಅಂದಾಜು ಮಾಡೋದನ್ನು ಯಾವ ಮಾಡ್ಯೂಲೂ ಕಲಿಸಲ್ಲ. ಬೆಳ್ಳೂರು ಕ್ರಾಸಿನ ಸುತ್ತಮುತ್ತ ಈ ಕೆಲಸಕ್ಕೆ ದುಡ್ಡು ಕೊಡೋರು ಕೊಡೋದು ಇದಕ್ಕೇ.

ಹಾಗಾದರೆ ಫ್ರಾಂಚೈಸಿ ಮಾರೋದು ಏನು? ನನ್ನ ಪ್ರಕಾರ ಮರ್ಯಾದೆ. ಕೂದಲ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಸವಿತಾ ಸಮಾಜದವರ ಕೌಶಲಕ್ಕೆ ಊರು ಕೊಟ್ಟ ಬೆಲೆ ನಮಗೆಲ್ಲ ಗೊತ್ತು. ಅದೇ ಕತ್ತರಿಗೆ ಗಾಜಿನ ಬಾಗಿಲು, ಇಂಗ್ಲಿಷ್ ಹೆಸರು ಸಿಕ್ಕಾಗ ಎಲ್ಲ ಜಾತಿಯ ಮಕ್ಕಳೂ ಲಕ್ಷ ಕಟ್ಟಿ ಕಲಿಯೋಕೆ ಬಂದರು. ‘ಮಗಳು ಪಾರ್ಲರಲ್ಲಿ ಕೆಲಸಕ್ಕಿದ್ದಾಳೆ’ ಅನ್ನೋಕೆ ನಮ್ಮ ಮಾವ ಹಿಂದೆಮುಂದೆ ನೋಡ್ತಾರೆ; ‘ಅಕಾಡೆಮಿಯಲ್ಲಿ ಡಿಪ್ಲೊಮಾ ಮಾಡ್ತಿದ್ದಾಳೆ’ ಅಂದರೆ ತಲೆ ಎತ್ತಿ ಹೇಳ್ತಾರೆ. ಇದನ್ನು ನಾನು ಗೇಲಿ ಮಾಡಲ್ಲ. ಮನೆಯಿಂದ ಹೊರಗೆ ಹೋಗಿ ದುಡಿಯೋಕೆ ಅಪ್ಪನ ಒಪ್ಪಿಗೆ ಬೇಕಿರೋ ಹುಡುಗಿಗೆ ಆ ಬೋರ್ಡು ನಿಜವಾದ ಉಪಯೋಗ. ಆದರೆ ಅದಕ್ಕೆ ಕೊಡ್ತಿರೋ ಬೆಲೆ ಎಷ್ಟು, ವಿದ್ಯೆಗೆ ಕೊಡ್ತಿರೋದು ಎಷ್ಟು ಅಂತ ಬೇರೆಬೇರೆ ಬರೆದು ನೋಡಬೇಕು.

ಬೋರ್ಡಿಲ್ಲದೆ ಒಂದು ಉದ್ಯಮವೇ ಬೆಳೆದ ಉದಾಹರಣೆ ಬೆಂಗಳೂರಿನಲ್ಲೇ ಇದೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಕೆಫೆ ದರ್ಶಿನಿ ಶುರು ಮಾಡಿದರು. ನಿಂತು ತಿನ್ನೋ ಹೋಟೆಲು. ಅದನ್ನು ನೋಡಿ, ಅವರಿಂದಲೇ ಸಲಹೆ ಪಡೆದು ಎಷ್ಟೋ ಜನ ತಮ್ಮತಮ್ಮ ಹೆಸರಿನಲ್ಲಿ ಹೋಟೆಲು ತೆರೆದರು, ‘ದರ್ಶಿನಿ’ ಅನ್ನೋದು ಒಂದು ಅಂಗಡಿಯ ಹೆಸರಾಗಿ ಉಳಿಯದೆ ಒಂದು ಬಗೆಯ ಹೆಸರಾಯಿತು. ನಮ್ಮ ಓಪನ್ ಸೋರ್ಸ್ ಇದ್ದ ಹಾಗೆ. ಆದರೆ ಹೋಲಿಕೆ ಪೂರ್ತಿ ಕೂಡಲ್ಲ. ಇಡ್ಲಿ ಚೆನ್ನಾಗಿಲ್ಲದಿದ್ದರೆ ನಾಳೆ ಪಕ್ಕದ ಹೋಟೆಲಿಗೆ ಹೋಗ್ತೀವಿ. ಮದುವೆ ಅಲಂಕಾರ ಕೆಟ್ಟರೆ ನಾಳೆ ಇನ್ನೊಂದು ಮದುವೆ ಇಲ್ಲ. ಮುಂಚೆ ಪರೀಕ್ಷೆ ಮಾಡಲಾಗದ ಕಡೆ ಜನ ಹೆಸರು ನೋಡ್ತಾರೆ, ಅಲ್ಲಿ ಬ್ರ್ಯಾಂಡಿಗೆ ಬೆಲೆ ಬರುತ್ತೆ. ಈಗ ಆ ಕೆಲಸವನ್ನು ಇನ್‌ಸ್ಟಾಗ್ರಾಮು, ಮದುವೆಗೆ ಮುಂಚಿನ ‘ಟ್ರಯಲ್’ ಸ್ವಲ್ಪಮಟ್ಟಿಗೆ ಮಾಡ್ತಿವೆ. ಪಕ್ಕದೂರಿನ ಹುಡುಗಿಯ ಮದುವೆ ಫೋಟೋ ನೋಡಿ ಬುಕ್ ಮಾಡೋರು ಅಕಾಡೆಮಿ ಯಾವುದು ಅಂತ ಕೇಳಲ್ಲ.

ಸ್ವತಂತ್ರ ತರಬೇತಿ ಅಂದ ತಕ್ಷಣ ಅದು ಪವಿತ್ರ ಅಂತಲೂ ಅಲ್ಲ. ಹೆಸರಾದ ಮೇಕಪ್ ಕಲಾವಿದರ ಎರಡು ದಿನದ ‘ಮಾಸ್ಟರ್ ಕ್ಲಾಸ್’ಗಳಲ್ಲಿ ಒಬ್ಬ ರೂಪದರ್ಶಿ, ಎದುರಿಗೆ ಸಾಲು ಕುರ್ಚಿ, ಕೊನೆಗೆ ಸರ್ಟಿಫಿಕೇಟಿನ ಜೊತೆ ಸೆಲ್ಫಿ. ನೋಡಿದವರ ಕೈ ಪಳಗಲ್ಲ. ಊರಿನ ಪಾರ್ಲರ್ ಅಕ್ಕನ ಹತ್ತಿರ ಸೇರಿದರೆ ಆರು ತಿಂಗಳು ಥ್ರೆಡ್ಡಿಂಗು, ಕಸ ಗುಡಿಸೋದು. ಬ್ರೈಡಲ್ ಕೆಲಸ ಬಂದಾಗ ಅಕ್ಕ ಒಬ್ಬಳೇ ಹೋಗ್ತಾಳೆ. ಕಲಿಸಿದರೆ ನಾಳೆ ನೀನು ಎದುರು ಸಾಲಲ್ಲೇ ಅಂಗಡಿ ಹಾಕ್ತೀಯ ಅನ್ನೋ ಭಯ, ಅದೂ ಸುಳ್ಳಲ್ಲ.

ಮಧ್ಯದ ದಾರಿಯೊಂದನ್ನು ಬ್ರೋಷರ್‌ಗಳು ಹೇಳೋದೇ ಇಲ್ಲ, ಯಾಕಂದರೆ ಅದು ಪುಕ್ಕಟೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟಿ ಮಾದರಿಯಲ್ಲೇ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಆರ್‌ಸೆಟಿಗಳನ್ನು ಶುರು ಮಾಡಿಸಿತು. ಅಲ್ಲಿ ಬ್ಯೂಟಿ ಪಾರ್ಲರ್ ತರಬೇತಿ ಸುಮಾರು ಒಂದು ತಿಂಗಳು. ಊಟ, ವಸತಿ ಉಚಿತ, ಆಮೇಲೆ ಬ್ಯಾಂಕ್ ಸಾಲಕ್ಕೆ ದಾರಿ ತೋರಿಸ್ತಾರೆ. ಒಂದು ತಿಂಗಳಲ್ಲಿ ಯಾರೂ ಕಲಾವಿದರಾಗಲ್ಲ, ಆದರೆ ಈ ಕೆಲಸ ನನಗೆ ಇಷ್ಟವೋ ಇಲ್ಲವೋ, ದಿನಕ್ಕೆ ಎಂಟು ಗಂಟೆ ನಿಲ್ಲೋ ಸೊಂಟ ನನಗಿದೆಯೋ ಅಂತ ಗೊತ್ತಾಗುತ್ತೆ. ಅದಾದ ಮೇಲೆ ಒಂದು ಮುಹೂರ್ತದ ಕಾಲ ಪೂರ್ತಿ ಒಬ್ಬ ಒಳ್ಳೆ ಬ್ರೈಡಲ್ ಕಲಾವಿದೆಯ ಸಹಾಯಕಿಯಾಗಿ ಓಡಾಡಿ, ಉಳಿಸಿದ ದುಡ್ಡಲ್ಲಿ ಸ್ವಂತ ಕಿಟ್ ಕೊಳ್ಳೋದು ನಾನು ಹೇಳಿದ ದಾರಿ. ಬೆಂಗಳೂರಿನ ಮಾಲ್ ಸಲೂನಿನಲ್ಲೇ ಸಂಬಳದ ಕೆಲಸ ಬೇಕು ಅನ್ನೋರಿಗೆ ಮಾತ್ರ ಬ್ರ್ಯಾಂಡಿನ ಸರ್ಟಿಫಿಕೇಟು ಹಾಕಿದ ದುಡ್ಡು ವಾಪಸ್ ತರಬಹುದು. ಆ್ಯಪ್ ಸೇರಿದರೆ ತರಬೇತಿಯೂ ಗಿರಾಕಿಯೂ ಒಟ್ಟಿಗೇ ಸಿಗ್ತಾರೆ ಅನ್ನೋರೂ ಇದ್ದಾರೆ. 2021ರ ಅಕ್ಟೋಬರಿನಲ್ಲಿ ಅರ್ಬನ್ ಕಂಪನಿಯ ಬ್ಯೂಟಿಷಿಯನ್ ಹೆಣ್ಣುಮಕ್ಕಳು ಗುರುಗ್ರಾಮದ ಕಚೇರಿ ಮುಂದೆ ಕಮಿಷನ್ ವಿರುದ್ಧ ಯಾಕೆ ಕೂತರು ಅಂತ ಮೊದಲು ಓದಿಕೊಳ್ಳಲಿ.

ಇಷ್ಟಾದರೂ ಫ್ರಾಂಚೈಸಿಯನ್ನೇ ಕೊಳ್ತೀನಿ ಅನ್ನೋರಿಗೆ ಕಾನೂನಿನ ಮಾತು. ಅಮೆರಿಕದಲ್ಲಿ ಫ್ರಾಂಚೈಸಿ ಮಾರೋರು ದುಡ್ಡು ಮುಟ್ಟೋಕೆ ಕನಿಷ್ಠ 14 ದಿನ ಮುಂಚೆ, ಶುಲ್ಕ, ವ್ಯಾಜ್ಯ, ಬಿಟ್ಟುಹೋದ ಫ್ರಾಂಚೈಸಿಗಳ ಪಟ್ಟಿ ಎಲ್ಲ ಇರೋ ದಾಖಲೆ ಕೊಡಲೇಬೇಕು. ನಮ್ಮಲ್ಲಿ ಫ್ರಾಂಚೈಸಿಗೇ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಮುಖ್ಯವಾಗಿ 1872ರ ಕರಾರು ಕಾಯ್ದೆಯೇ ಗತಿ. ಅದರ 27ನೇ ಕಲಮಿನ ಪ್ರಕಾರ ಒಬ್ಬರ ಕಸುಬನ್ನು ತಡೆಯೋ ಕರಾರು ಸಾಮಾನ್ಯವಾಗಿ ಊರ್ಜಿತವಲ್ಲ, ಅಂದರೆ ಒಪ್ಪಂದ ಮುಗಿದ ಮೇಲೂ ಎರಡು ವರ್ಷ ಮೇಕಪ್ ಮಾಡಕೂಡದು ಅನ್ನೋ ಷರತ್ತು ನಿಲ್ಲೋದು ಕಷ್ಟ. ಆದರೆ ಒಪ್ಪಂದ ಜಾರಿಯಲ್ಲಿರೋವಾಗ ಬೇರೆಯವರ ಜೊತೆ ಸೇರಬಾರದು ಅನ್ನೋ ಷರತ್ತು ನಡೆಯುತ್ತೆ ಅಂತ 1995ರ ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಒಪ್ಪಂದ ಎಷ್ಟು ವರ್ಷದ್ದು, ಮಧ್ಯೆ ಬಿಡೋಕೆ ಏನು ಕೊಡಬೇಕು ಅನ್ನೋ ಎರಡು ಸಾಲು ಇಡೀ ಬ್ರೋಷರಿಗಿಂತ ದೊಡ್ಡವು. ಕೊನೆಯ ಪುಟವನ್ನೂ ತಿರುವಿ ನೋಡಿ. ನಾನು ಓದಿದ ಕರಡಿನಲ್ಲಿ ತಕರಾರೇನಿದ್ದರೂ ಮುಂಬೈ ಕೋರ್ಟಿನಲ್ಲೇ ಬಗೆಹರಿಸಿಕೊಳ್ಳಬೇಕು ಅಂತಿತ್ತು. ಬೆಳ್ಳೂರಿನವರಿಗೆ ನಾಗಮಂಗಲ ಕೋರ್ಟಿಗೆ ಅಲೆಯೋದೇ ಒಂದು ದಿನದ ಕೆಲಸ.