ಕತ್ತೆಯ ಬೆನ್ನಿನ ತೊಟ್ಟಿಲು: ‘ಉಪರಾ’ ಕುರಿತು

ಲಕ್ಷ್ಮಣ ಮಾನೆ ಅವರ ಮರಾಠಿ ಆತ್ಮಕಥೆ ‘ಉಪರಾ’ 1980ರಲ್ಲಿ ಪ್ರಕಟವಾಗಿ, 1981ರ ಸಾಹಿತ್ಯ ಅಕಾದೆಮಿ ಪ್ರಶಸ್ತಿಗೆ ಪಾತ್ರವಾಯಿತು. ಇದನ್ನು ಜಾತಿವ್ಯವಸ್ಥೆಯ ಕ್ರೌರ್ಯದ ದಾಖಲೆಯೆಂದು ಓದುವುದು ವಾಡಿಕೆ. ಅದು ಸರಿಯೇ. ಆದರೆ ಮನೆಯಿಲ್ಲದ ತಂದೆತಾಯಿಗಳು ಮಗುವನ್ನು ಸಾಕಿದ ಕಥೆಯಾಗಿಯೂ ಅದು ನಮ್ಮ ಗಮನಕ್ಕೆ ಅರ್ಹವಾಗಿದೆ.

ಮಾನೆಯವರು ಬುಟ್ಟಿ ಹೆಣೆದು ಬದುಕುವ ಕೈಕಾಡಿ ಸಮುದಾಯದವರು. 1871ರ ಕಾಯಿದೆ ಇಂಥ ಅನೇಕ ಅಲೆಮಾರಿ ಸಮುದಾಯಗಳಿಗೆ ಅಪರಾಧಿ ಬುಡಕಟ್ಟುಗಳೆಂಬ ಹಣೆಪಟ್ಟಿ ಹಚ್ಚಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಕತ್ತೆಯ ಮೇಲೆ ಸಂಸಾರವನ್ನು ಹೇರಿಕೊಂಡು ಊರಿಂದೂರಿಗೆ ಸಾಗುವ ಈ ಜನಕ್ಕೆ ಶಾಲೆಯೆಂಬುದು ವಿಚಿತ್ರ ಸಂಕಟ. ಶಾಲೆ ಒಂದು ಊರಲ್ಲಿ ನಿಲ್ಲುತ್ತದೆ, ಹೊಟ್ಟೆಪಾಡು ನಿಲ್ಲಗೊಡುವುದಿಲ್ಲ. ನೆಲೆಯುಳ್ಳ ತಂದೆ ಮಗನನ್ನು ಒಮ್ಮೆ ಶಾಲೆಗೆ ಸೇರಿಸಿದರೆ ಸಾಕು. ಅಲೆಮಾರಿ ತಂದೆ ಅದೇ ನಿರ್ಧಾರವನ್ನು ಮತ್ತೆ ಮತ್ತೆ ಮಾಡಬೇಕು. ಊರವರ ತಿರಸ್ಕಾರದ ಜೊತೆಗೆ ಸ್ವಜನರ ಅಸಮಾಧಾನವನ್ನೂ ನುಂಗಬೇಕು. ಕೃತಿಯ ನಿಜವಾದ ಸಾಹಸವಿರುವುದು ಈ ಹಟದಲ್ಲಿ.

ಮಿತಿಯೂ ಇಲ್ಲಿಯೇ ಇದೆ. ಓದಿ ಮೇಲೆ ಬಂದ ಮಗ ಹೇಳುವ ಕಥೆಯಾದ್ದರಿಂದ ತಂದೆಯ ಸಂಕಲ್ಪ ಎದ್ದು ಕಾಣುತ್ತದೆ. ಪ್ರತಿ ಬಿಡಾರದಲ್ಲೂ ಮೂರು ಕಲ್ಲು ಹೂಡಿ ಒಲೆ ಹಚ್ಚುವ, ಬಯಲಲ್ಲಿ ಕೂಸುಗಳನ್ನು ಮಲಗಿಸುವ ತಾಯಿಯ ದುಡಿಮೆ ಹಿನ್ನೆಲೆಯಾಗಿ ಉಳಿದುಬಿಡುತ್ತದೆ.

ಆ ತಾಯಿಯನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ದೀಪಾವಳಿಯ ಹೊತ್ತಿಗೆ ಬೀಡ ಜಿಲ್ಲೆಯಿಂದ ಕೊಲ್ಲಾಪುರ ಸೀಮೆಗೆ ಕಬ್ಬು ಕಡಿಯುವ ಕುಟುಂಬಗಳು ಬರುತ್ತವೆ. ಅವರಿಗೆ ಊರಲ್ಲಿ ಮನೆಯುಂಟು. ಹಂಗಾಮು ಮುಗಿಯುವವರೆಗೆ ಮಾತ್ರ ‘ಕೋಪಿ’ ಎಂಬ ಗುಡಿಸಲೇ ಮನೆ. ಮುಕಾದಮನ ಲೆಕ್ಕದಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೋಯ್ತಾ’. ಆ ಲೆಕ್ಕದಲ್ಲಿ ಮಗುವಿಗೆ ಸ್ಥಾನವಿಲ್ಲ. ಕಾರಖಾನೆಗಳ ಬಳಿ ಸಾಖರಶಾಳೆಗಳು ಹುಟ್ಟಿಕೊಂಡವು, ನಿಜ. ಆದರೆ ನಸುಕಿನಲ್ಲೇ ತಾಯಿ ಗದ್ದೆಗೆ ಹೋದರೆ ಕೂಸನ್ನು ನೋಡಿಕೊಳ್ಳುವವಳು ಅಕ್ಕ. ಹೀಗೆ ತಮ್ಮನ ತೊಟ್ಟಿಲು ತೂಗುವವಳ ಪಾಟಿ ಬರಿದಾಗಿಯೇ ಉಳಿಯುತ್ತದೆ.

‘ಉಪರಾ’ ಎಂದರೆ ಹೊರಗಿನವನು. ಗಡಿಯಾಚೆ ಉಳಿದ ಕನ್ನಡಿಗರಾದ ನಮಗೆ ಈ ಪದದ ನೋವು ಅಪರಿಚಿತವಲ್ಲ. ನಮ್ಮ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ಕೇಳುವುದು ನ್ಯಾಯವೇ. ಅದೇ ಬಾಯಿಂದ ಗಡಹಿಂಗ್ಲಜ, ಇಚಲಕರಂಜಿಗಳ ಹೊಲದ ಬದುವಿನಲ್ಲಿ ಕುಳಿತ ಮರಾಠಿ ಕೂಸಿನ ಶಾಲೆಯನ್ನೂ ಕೇಳಿದಾಗ, ನಾವು ಈ ಕೃತಿಯನ್ನು ಓದಿದ್ದು ಸಾರ್ಥಕ.