ಬಣ್ಣ ಬಿಟ್ಟು ಸೆಗಣಿ ಹಿಡಿದ ಕಲಾವಿದೆ

ಗೋಕಾಕದ ಜೀನಗಾರರು ಮಾಡಿದ ಕಟ್ಟಿಗೆಯ ಮಾವಿನಹಣ್ಣನ್ನು ಕಂಡರೆ ಮೂಸಿ ನೋಡಬೇಕೆನಿಸುತ್ತದೆ. ಕಟ್ಟಿಗೆಯ ಗುರುತೇ ಸಿಗದಂತೆ ಮಾಡುವುದರಲ್ಲಿ ಆ ಕೈಗಳ ಹೆಚ್ಚುಗಾರಿಕೆ ಇದೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡರದು ಇದಕ್ಕೆ ಪೂರಾ ಉಲ್ಟಾ. ಅವರ ಕೈಯಲ್ಲಿ ಸೆಗಣಿ ಸೆಗಣಿಯಾಗಿಯೇ, ಕೂದಲು ಕೂದಲಾಗಿಯೇ ಉಳಿಯುತ್ತದೆ. ಹೊಸ ಕಲೆಯೆಂದರೆ ಹುಬ್ಬು ಗಂಟಿಕ್ಕುವ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನಕ್ಕೆ ಮೊದಲು ತೋರಿಸಬೇಕಾದ್ದು ಇವರ ಕೃತಿಗಳನ್ನೇ. ಅಲ್ಲಿರುವ ಸಾಮಾನೆಲ್ಲ ನಮ್ಮ ಹಿತ್ತಿಲು, ಜಗಲಿ, ಜಾತ್ರೆಯದು.

ಅವರು ಕಲಿತದ್ದು ಚಿತ್ರಕಲೆ. ಬೆಂಗಳೂರಿನಲ್ಲಿ ಆರ್.ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಕೊನೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. 1986ರಲ್ಲಿ ಅಲ್ಲಿಂದ ಸ್ನಾತಕೋತ್ತರ ಪದವಿ. ಇಷ್ಟೆಲ್ಲ ಕಲಿತವರು 1992ರ ಕೋಮುಗಲಭೆಗಳ ಹೊತ್ತಿಗೆ ಕ್ಯಾನ್ವಾಸು ಸಾಲದೆಂದು ಸೆಗಣಿಗೆ ಕೈ ಹಾಕಿದರು. ಗೋವು ಪೂಜ್ಯ, ಗೋವಿನ ಹೆಸರಲ್ಲಿ ರಾಜಕೀಯ. ಸೆಗಣಿ ಬಾಚಿ ಕುಳ್ಳು ಬಡಿಯುವ ಕೆಲಸ ಮಾತ್ರ ಹೆಂಗಸರದು. ಘೋಷಣೆ ಕೂಗದೆ ಇದನ್ನೆಲ್ಲ ಒಂದೇ ವಸ್ತುವಿನಿಂದ ಹೇಳಿಸಿದ್ದು ಸಣ್ಣ ಸಾಧನೆಯಲ್ಲ.

ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಕೃತಿ 1998ರ ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ಉದ್ದುದ್ದ ದಾರಗಳನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಕುಂಕುಮ, ಅಂಟು ಸವರಿ ಹಗ್ಗವಾಗಿಸಿ, ಕೋಣೆಯ ಗೋಡೆ ನೆಲಗಳ ಮೇಲೆ ಹರಿಯಬಿಟ್ಟಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. ನೋಡಿದರೆ ಹೊಕ್ಕುಳಬಳ್ಳಿ, ಕರುಳು, ನೆತ್ತರು ನೆನಪಾಗುತ್ತವೆ, ಆದರೆ ಯಾವುದೂ ಪಕ್ಕಾ ಆಗುವುದಿಲ್ಲ. ಜಲಪಾತದ ಬಳಿಯ ನೂಲಿನ ಗಿರಣಿಯಿಂದ ಬದುಕಿದ ಊರು ಗೋಕಾಕ. ನೂಲಿನ ಹಿಂದಿನ ದುಡಿಮೆ ಎಷ್ಟೆಂದು ಇಲ್ಲಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ ಈ ಕೃತಿಯನ್ನು ಕಂಡವರಿಗೆ ಕುಂಕುಮದ ಕೆಂಪು ಎಷ್ಟು ದಕ್ಕಿತೋ!

2009ರ ವೆನಿಸ್ ಬಿನಾಲೆಗೆ ಹೋದ ‘ಬಿಹೋಲ್ಡ್’ನಲ್ಲಿ ಕೂದಲಿನ ಹಗ್ಗಗಳು ಕಾರಿನ ಉಕ್ಕಿನ ಬಂಪರುಗಳನ್ನು ಎತ್ತಿ ಹಿಡಿದಿವೆ. ಗಾಡಿಗೆ ದೃಷ್ಟಿ ತಾಗದಿರಲೆಂದು ಬೆಂಗಳೂರಿನ ಚಾಲಕರು ಕೂದಲಿನ ಹುರಿ ಕಟ್ಟುತ್ತಾರೆ. ಕೃತಿಯ ಮೂಲ ಅಲ್ಲಿದೆ. ಕಬ್ಬಿನ ಟ್ರ್ಯಾಕ್ಟರಿಗೆ ಕರಿದಾರ ಕಟ್ಟುವ ಮೂಡಲಗಿಯ ರೈತನಿಗೆ ಇದು ವಿವರಣೆಯಿಲ್ಲದೆ ತಿಳಿಯುತ್ತದೆ. ಆ ನಂಬಿಕೆ ಗೊತ್ತಿಲ್ಲದವರಿಗೂ, ಮುಡಿ ಕೊಟ್ಟ ಕೂದಲು ಉಕ್ಕನ್ನು ಹೊತ್ತಿದೆಯೆಂಬುದು ಕಣ್ಣಿಗೇ ಕಾಣುತ್ತದೆ.

ತಕರಾರಿರುವುದು 2006ರ ‘ಡಾರ್ಕ್‌ರೂಮ್’ ಬಗ್ಗೆ. ಡಾಂಬರಿನ ಡ್ರಮ್ಮುಗಳಿಂದ, ಅವನ್ನು ಬಡಿದ ತಗಡುಗಳಿಂದ ಕಟ್ಟಿದ ಗುಡಿಸಲು. ರಸ್ತೆ ಕೆಲಸದವರ ಬಿಡಾರವನ್ನು ನೆನಪಿಸುತ್ತದೆ. ಬಗ್ಗಿ ಒಳಹೊಕ್ಕರೆ ಮಾಡಿನ ತೂತುಗಳಲ್ಲಿ ಬೆಳಕು ನಕ್ಷತ್ರದಂತೆ ಹೊಳೆಯುತ್ತದೆ. ಚೆಂದವೇನೋ ಹೌದು, ಆದರೆ ಸ್ವಲ್ಪ ಅತಿಯಾಯಿತು. ಆ ಬಿಡಾರದಲ್ಲಿ ಮಳೆಗಾಲ ಕಳೆಯುವವಳಿಗೆ ತೂತೆಂದರೆ ಸೋರುವ ಜಾಗ. ದಾರದ ಕೃತಿಯಲ್ಲಿ ಇಟ್ಟುಕೊಂಡ ಬಿಗಿಯನ್ನು ಕಲಾವಿದೆ ಇಲ್ಲಿ ಸಡಿಲ ಬಿಟ್ಟಿದ್ದಾರೆ.